ಎದುರಿನ ಜಾಗ

ಮೊನ್ನೆ ಮಧ್ಯಾಹ್ನ ಟೀವಿಯಲ್ಲಿ ಒಬ್ಬ ಗಂಡಸು ಎರಡೂ ಕೈ ಮುಂದೆ ಚಾಚಿ ಕುಳಿತಿದ್ದ. ಮಣಿಕಟ್ಟುಗಳಿಗೆ ಉಣ್ಣೆಯ ಲಡಿ ಸುತ್ತಿತ್ತು. ಎದುರಿಗೆ ಕುಳಿತ ಹೆಂಗಸು ಆ ಲಡಿಯಿಂದ ಎಳೆ ಎಳೆದು ಉಂಡೆ ಸುತ್ತುತ್ತಿದ್ದಳು. ಎಳೆ ಸಿಕ್ಕಾಗದ ಹಾಗೆ ಅವನು ಕೈಗಳನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸುತ್ತಿದ್ದ. ಮಾತಿಲ್ಲ, ಹಿಂದೆ ಮ್ಯೂಸಿಕ್ ಕೂಡ ಇಲ್ಲ. ಅವಳಿಗೆ ಐವತ್ತರ ಹತ್ತಿರ, ಅವನಿಗೆ ಮೂವತ್ತೂ ತುಂಬಿರಲಾರದು. ಯಾವುದೋ ಪರದೇಶದ ಲವ್ ಸ್ಟೋರಿ. ದೇವನಹಳ್ಳಿಯ ಈ ಫ್ಲ್ಯಾಟಿನಲ್ಲಿ ಮೊಮ್ಮಗಳು ನಿಶಾ ಹಾಕಿದ್ದು. ಕೊನೆಯಲ್ಲಿ ಆ ಹೆಂಗಸು ಅವನ ಒಳ್ಳೆಯದಕ್ಕೆಂದು ಅವನನ್ನು ರೈಲು ಹತ್ತಿಸಿ ಕಳಿಸಿಬಿಟ್ಟಳು. ನಿಶಾ ಮೂಗು ಒರೆಸಿಕೊಂಡು, "ರಿಯಲಿಸ್ಟಿಕ್ ಆಗಿದೆ ಅಲ್ವಾ ಅಜ್ಜಿ? ಇಷ್ಟೊಂದು ಏಜ್ ಗ್ಯಾಪ್ ಇದ್ರೆ ಎಲ್ಲಿ ವರ್ಕ್ ಆಗತ್ತೆ!" ಅಂದಳು. ನಾನು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ. ನನ್ನ ಕಣ್ಣು ಇನ್ನೂ ಆ ಚಾಚಿದ ಕೈಗಳಲ್ಲೇ ಇತ್ತು. ಅರವತ್ತು ವರ್ಷದ ಹಿಂದಿನ ಹೊಟ್ಟೆಕಿಚ್ಚು, ಆರಿದೆ ಅಂದುಕೊಂಡಿದ್ದು, ಎದೆಯ ಕೆಳಗೆ ಮೆಲ್ಲಗೆ ಮಗ್ಗುಲು ಬದಲಿಸಿತು.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಮನೆ. ಹೊಸ್ತಿಲು ದಾಟಿದರೆ ಹಜಾರದ ತುಂಬ ಮಗ್ಗ. ಊಟ, ನಿದ್ದೆ, ಹಬ್ಬ, ನೆಂಟರು ಎಲ್ಲವೂ ಮಗ್ಗ ಬಿಟ್ಟುಕೊಟ್ಟ ಜಾಗದಲ್ಲಿ. ನೂಲಿಗೆ ಹಾಕಿದ ಗಂಜಿಯ ಹುಳಿವಾಸನೆ ನಮ್ಮ ಕೂದಲಿನಲ್ಲಿ, ಹಾಸಿಗೆಯಲ್ಲಿ, ಮೊಸರನ್ನದಲ್ಲಿ ಕೂಡ ಇರುತ್ತಿತ್ತು. ನನ್ನನ್ನು ಹೆತ್ತು ಅಮ್ಮ ಹೋದಳು. ಅಪ್ಪನ ತಂಗಿ ಸರಸತ್ತೆ ನನ್ನನ್ನು ಮಡಿಲಿಗೆ ಹಾಕಿಕೊಂಡಳು. ಅದಕ್ಕೆ ಮೊದಲು ಅವಳ ಮದುವೆಯ ಮಾತು ಎರಡು ಸಲ ಮುರಿದಿತ್ತಂತೆ. ಮೂರನೆಯ ಸಲ ಬಂದವರಿಗೆ ಅವಳೇ, "ಕೂಸು ಬಿಟ್ಟು ಬರಲ್ಲ" ಅಂದಳಂತೆ. ಇದನ್ನು ಬೀದಿಯ ಹೆಂಗಸರು ನನಗೆ ಎಷ್ಟು ಸಲ ಹೇಳಿದ್ದರೆಂದರೆ, ಅತ್ತೆ ಎಂಬುವಳು ಹುಟ್ಟಿದ್ದೇ ನನಗೋಸ್ಕರ ಎಂದು ನಾನು ನಂಬಿಬಿಟ್ಟಿದ್ದೆ. ಸೀರೆ ವ್ಯಾಪಾರಕ್ಕೆ ಬೆಂಗಳೂರಿಗೆ ಹೋಗಿಬರುತ್ತಿದ್ದ ಅಪ್ಪ ನನ್ನನ್ನು ಅಲ್ಲಿನ ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದಾಗಲೂ ನಾನು ಹೆದರಲಿಲ್ಲ. ರಜೆಗೆ ಬಂದರೆ ಅತ್ತೆಯ ದುಪ್ಪಟಿ, ಅತ್ತೆಯ ಬೆನ್ನು, ಅತ್ತೆಯ ಎದುರಿನ ಜಾಗ ನನ್ನದೇ ಆಗಿರುತ್ತಿದ್ದವು.

ಎದುರಿನ ಜಾಗ ಎಂದರೆ ಏನೆಂದು ಹೇಳಬೇಕು. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ತುದಿಗೆ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಅನ್ನುತ್ತಿದ್ದರು. ಸಾವಿರಾರು ಎಳೆ, ಗಂಟು ಹಾಕುವಂತಿಲ್ಲ, ಬೆರಳಿಗೆ ಒಲೆಯ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು ಅಷ್ಟೆ. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬರು ಎಳೆ ಬಿಡಿಸಿ ಕೊಡುವುದು, ಇನ್ನೊಬ್ಬರು ಹೊಸೆಯುವುದು. ಇಬ್ಬರ ತಲೆಯೂ ಒಂದೇ ಕಡೆ ಬಾಗಿರುತ್ತದೆ, ಉಸಿರಿಗೆ ಉಸಿರು ತಗಲುತ್ತದೆ. ದಿನಗಟ್ಟಲೆಯ ಕೆಲಸ. ಕೈ ಕಟ್ಟಿಹಾಕಿದಂತಾಗಿ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅತ್ತೆ ಹೊಸೆಯುವವಳು, ನಾನು ಎಳೆ ಕೊಡುವವಳು. ಕಾನ್ವೆಂಟಿನ ಸಿಸ್ಟರ್‌ಗಳ ಕಥೆ, ಬೋರ್ಡಿಂಗಿನ ಬ್ರೆಡ್ಡು, ಪಕ್ಕದ ಬೆಡ್ಡಿನ ಹುಡುಗಿಯ ಅಳು, ಎಲ್ಲವನ್ನೂ ನಾನು ಅವಳಿಗೆ ಒಪ್ಪಿಸುತ್ತಿದ್ದುದು ಆ ಎಳೆಗಳ ಮೇಲೆಯೇ. ಅವಳ ಹೆಬ್ಬೆರಳು ಬೂದಿಯಿಂದ ಬೆಳ್ಳಗಿರುತ್ತಿತ್ತು. ನಾನು ನಗಿಸಿದರೆ ಅದೇ ಬೆರಳಿನಿಂದ ನನ್ನ ಮೂಗಿಗೊಂದು ಬೊಟ್ಟು ಇಡುತ್ತಿದ್ದಳು.

ಹನ್ನೊಂದನೆಯ ವಯಸ್ಸಿನಲ್ಲಿ ಬೇಸಿಗೆ ರಜೆಗೆ ಬಂದೆ. ನನ್ನ ಜಾಗದಲ್ಲಿ ಒಬ್ಬ ಗಂಡಸು ಕೂತಿದ್ದ. ಹಿಂದೂಪುರದ ಕಡೆಯ ಚಲಪತಿ. ಅಪ್ಪ ಹೊಸದಾಗಿ ತಂದಿದ್ದ ನೇಕಾರ. ಇಪ್ಪತ್ತೈದರ ಹರೆಯ, ಅತ್ತೆಗಿಂತ ಹನ್ನೆರಡು ವರ್ಷ ಚಿಕ್ಕವನು. ನನ್ನನ್ನು ಕಂಡು, "ಬಾ ಅಮ್ಮಾಯಿ, ಎಳೆ ಕೊಡ್ತೀಯಾ?" ಎಂದು ಜರುಗಿದ. ನನ್ನ ಜಾಗವನ್ನು ನನಗೇ ದಾನ ಮಾಡುವಂತಿತ್ತು ಆ ಜರುಗುವಿಕೆ. ಕೂತೆ. ಆದರೆ ಹಿಂದಿನ ರಜೆಯಿಂದೀಚಿನ ಆರು ತಿಂಗಳಲ್ಲಿ ನನ್ನ ಕೈ ಪೆನ್ಸಿಲ್ಲಿಗೆ ಒಗ್ಗಿಹೋಗಿತ್ತು. ಎಳೆ ಕಿತ್ತುಬರುತ್ತಿತ್ತು. ಅತ್ತೆ ಬೈಯಲಿಲ್ಲ. "ಕಾನ್ವೆಂಟ್ ಕೈ ಮೆತ್ತಗಾಗೋಯ್ತು ಕಣೇ. ಹೋಗು, ಬುಕ್ ಓದ್ಕೋ" ಅಂದಳು. ನಗುತ್ತಲೇ ಅಂದಳು, ಆದರೆ ಆ ನಗು ನನ್ನ ಭುಜದ ಮೇಲಿಂದ ಹಾದು ಹಿಂದೆ ನಿಂತವನ ಕಡೆಗೆ ಹೋಯಿತು. ಆಮೇಲೆ ನಾನು ಹಜಾರದ ಕಂಬಕ್ಕೊರಗಿ ಪುಸ್ತಕ ಹಿಡಿದು ಅವರಿಬ್ಬರ ಕಾವಲು ಕಾದೆ. ಅವನು ತೆಲುಗು ಬೆರೆಸಿ ಏನೋ ಹೇಳುವುದು, ಅವಳು "ಥೂ ಸುಮ್ನಿರಪ್ಪ" ಅನ್ನುವುದು. ಒಂದು ಮಧ್ಯಾಹ್ನ ಅವನ ಮೂಗಿನ ಮೇಲೆ ಬೂದಿಯ ಬೊಟ್ಟು ಕಂಡಿತು. ಅವತ್ತು ನನಗೆ ಊಟ ಸೇರಲಿಲ್ಲ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು, ಬೇರೆಯವರದು ಬೇಕೆನ್ನುವುದು ಎನ್ವಿ, ನಮ್ಮದು ಕೈಬಿಡುತ್ತದೆಂದು ನಡುಗುವುದು ಜೆಲಸಿ, ಎರಡೂ ಪಾಪವೇ ಎಂದು ಹೇಳಿಕೊಟ್ಟಿದ್ದರು. ನಾನು ಎರಡನ್ನೂ ಒಟ್ಟಿಗೇ ಮಾಡುತ್ತಿದ್ದೆ.

ಗುಟ್ಟು ಹೊರಬಿದ್ದದ್ದು ಸೀರೆಯಿಂದ. ಆ ಹಾಸಿನ ಮೊದಲ ಸೀರೆಯನ್ನು ಅಪ್ಪ ಬೆಳಕಿಗೆ ಹಿಡಿದಾಗ ಹಸಿರು ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ, ಈ ತುದಿಯಿಂದ ಆ ತುದಿಗೆ. ಅಂಚಿನ ಕೆಂಪು ಎಳೆಯೊಂದನ್ನು ಮೈಯ ಹಸಿರಿಗೆ ಕೆಚ್ಚಲಾಗಿತ್ತು. ಕೆಚ್ಚಿದ್ದು ಅತ್ತೆ, ಹುಟ್ಟಿದಾಗಿನಿಂದ ಅವಳ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅಂಥ ತಪ್ಪು ಮೊದಲ ಗೇಣಿನಲ್ಲೇ ನೇಯುವವನ ಕಣ್ಣಿಗೆ ಬೀಳುತ್ತದೆ, ಎಳೆ ಕತ್ತರಿಸಿ ಸರಿಪಡಿಸುವುದು ಎಷ್ಟು ಹೊತ್ತಿನ ಕೆಲಸ? ಅಪ್ಪ ಅತ್ತೆಯನ್ನು ಗದರಿಸಲು ಹೊರಟರು. ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅಜ್ಜಿ, ಅಪ್ಪನ ಅಮ್ಮ, ರಾಟೆ ನಿಲ್ಲಿಸಿದಳು. "ತಡಿಯೋ. ಕೆಚ್ಚಿದೋಳಿಗೆ ಕಾಣ್ಲಿಲ್ಲ, ಸರಿ. ನೇಯ್ದೋನಿಗೂ ಕಾಣ್ಲಿಲ್ವಾ?"

ಮಗ್ಗ ನಿಂತಿತು. ಚಲಪತಿ ತಲೆ ತಗ್ಗಿಸಿಯೇ, "ಕಾಣಿಸ್ತಮ್ಮಾ. ಅವರ ಕೈಯಿಂದ ಬಂದದ್ದು, ಕತ್ತರಿಸೋಕೆ ಮನಸ್ಸು ಬರ್ಲಿಲ್ಲ" ಅಂದ. ಇಡೀ ಮನೆಯಲ್ಲಿ ಅದಕ್ಕಿಂತ ಹೆಚ್ಚಿನ ಮಾತು ಯಾರಿಗೂ ಬೇಕಾಗಲಿಲ್ಲ.

ಅಪ್ಪ ಕೂಗಾಡಿದರು. ಅಜ್ಜಿ ಮಾತ್ರ ಮಗಳನ್ನು ಅಡಿಗೆಮನೆಗೆ ಕರೆದು ಮೆತ್ತಗೆ ಹೇಳಿದಳು. ನಾನು ಬಾಗಿಲ ಹಿಂದಿದ್ದೆ. "ನಿನ್ ತಲೆ ಬೆಳ್ಳಗಾದಾಗ ಅವನ ಮೀಸೆ ಇನ್ನೂ ಕರ್ರಗಿರ್ತದೆ ಕಣೇ ಸರಸಿ. ಬಿಟ್ಟೋಗ್ತಾನೆ."

"ಅಪ್ಪಯ್ಯಂಗೂ ನಿಂಗೂ ಎಷ್ಟು ವರ್ಷ ಇತ್ತಮ್ಮಾ?" ಅತ್ತೆ ಕೇಳಿದಳು.

"ಇಪ್ಪತ್ತು" ಅಂದಳು ಅಜ್ಜಿ. "ಅದು ಬ್ಯಾರೆ."

"ಹೆಂಗೆ ಬ್ಯಾರೆ?"

ಅಜ್ಜಿ ಒಲೆಯ ಮೇಲಿನ ಸಾರಿಗೆ ಸೌಟು ಹಾಕಿ ತಿರುವತೊಡಗಿದಳು. ನಾನು ಒಳಗೊಳಗೇ ಅಜ್ಜಿಯನ್ನು ಬೇಡುತ್ತಿದ್ದೆ: ಏನಾದರೂ ಹೇಳಜ್ಜಿ, ಗೆಲ್ಲಜ್ಜಿ, ಪ್ಲೀಸ್.

ಚಲಪತಿಯ ಜೊತೆ ಹೊರಡುವ ದಿನ ಬೆಳಗ್ಗೆ ಅತ್ತೆ ನನಗೆ ಎಂದಿನಂತೆ ಜಡೆ ಹಾಕಿದಳು. ಬಿಗಿಯಾಗಿ ಹಾಕಿದಳು, ಮೂರು ದಿನ ಬಿಚ್ಚದಿರಲಿ ಎಂಬಂತೆ. "ಶಿವಗಂಗೇಲಿ ತಾಳಿ ಕಟ್ಸ್ಕೊಂಡು ಹಿಂದೂಪುರಕ್ಕೆ ಹೋಗ್ತೀವಿ. ರಜಾಕ್ಕೆ ಅಲ್ಲಿಗೇ ಬಂದ್ಬಿಡು. ಬರ್ತೀಯಾ?" ನಾನು ಬರುವುದಿಲ್ಲ ಅಂದೆ. ಬರುವುದಿಲ್ಲವೆಂದರೆ ಉಳಿಯುತ್ತಾಳೆ ಎಂಬುದು ನನ್ನ ಲೆಕ್ಕ. ಹಿಂದೊಮ್ಮೆ ಕೂಸಿಗಾಗಿ ಉಳಿದಿದ್ದಳಲ್ಲ. ಅತ್ತೆ ನನ್ನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದಳು. "ನಿಂಗೀಗ ಓದೋಕೆ, ಬರಿಯೋಕೆ, ಜಗಳಾಡೋಕೆ ಎಲ್ಲಾ ಬರ್ತದೆ ಕಣೇ" ಅಂದಳು. ಹೋದಳು.

ಅಜ್ಜಿಯ ಮಾತು ಸುಳ್ಳಾಯಿತು. ವರ್ಷಗಳ ನಂತರ, ಅಪ್ಪ ಹೋದ ಮೇಲೆ, ಅವರು ದೊಡ್ಡಬಳ್ಳಾಪುರಕ್ಕೇ ಮರಳಿ ಎರಡು ಪವರ್‌ಲೂಮ್ ಹಾಕಿಕೊಂಡರು. ಅಷ್ಟರಲ್ಲಿ ನನಗೂ ಮದುವೆಯಾಗಿ, ಮಕ್ಕಳಾಗಿ, ನನ್ನ ಗಂಡನಿಗೂ ನನಗೂ ಹೇಳಿ ಮಾಡಿಸಿದಂಥ ನಾಲ್ಕು ವರ್ಷದ ಅಂತರವಿದ್ದೂ, ಹೇಳಿಕೊಳ್ಳುವ ಮಾತು ತೀರಿಹೋಗಿತ್ತು. ನೋಡಲು ಹೋದಾಗಲೆಲ್ಲ ನನ್ನ ಕಣ್ಣು ಕುಕ್ಕುತ್ತಿದ್ದದ್ದು ಅವರ ಮಾತು: ಎಪ್ಪತ್ತರ ಅತ್ತೆ, ಐವತ್ತೆಂಟರ ಚಲಪತಿಯವರು, ಯಂತ್ರದ ಗದ್ದಲದಲ್ಲಿ ಒಬ್ಬರ ಕಿವಿಗೊಬ್ಬರು ಬಾಗಿ ಏನೋ ಹೇಳಿ ನಗುವುದು. ನಾನು ಅವರನ್ನು ಮಾವ ಅನ್ನಲೇ ಇಲ್ಲ, ಚಲಪತಿಯಣ್ಣ ಅಂದೆ. "ನನ್ ಗಂಡನ್ನ ಅಣ್ಣ ಅಂತೀಯಲ್ಲೇ, ನಾನು ನಿಂಗೇನು ಅತ್ತಿಗೆನಾ?" ಎಂದು ಅತ್ತೆ ಬಿದ್ದು ಬಿದ್ದು ನಕ್ಕಳು. ಕೊನೆಗೆ ಅವಳು ಹಾಸಿಗೆ ಹಿಡಿದಾಗ ಅವಳ ಕೂದಲು ಬಾಚಿದ್ದು, ಗಂಜಿ ಕುಡಿಸಿದ್ದು ಅವರೇ. ನಾನು ಚಮಚ ಹಿಡಿದರೆ ಅವಳ ಕಣ್ಣು ಬಾಗಿಲು ನೋಡುತ್ತಿತ್ತು. ಅವಳು ಹೋದ ದಿನ ಬಂದವರೆಲ್ಲ ಅವರ ಕೈ ಹಿಡಿದು ಅತ್ತರು. ನನಗೆ ಒಬ್ಬಾಕೆ, "ನಿಮ್ಗೇನಾಗ್ಬೇಕಿತ್ತು?" ಎಂದು ಕೇಳಿದಳು. ಅತ್ತೆ, ಅಂದೆ. "ಓ, ಅತ್ತೆ" ಎಂದು ಆಕೆ ಮುಂದೆ ಸರಿದಳು.

ಆಮೇಲೆ ನಾನು ಚಲಪತಿಯಣ್ಣನಲ್ಲಿಗೆ ಹೋಗುವುದು ಹೆಚ್ಚಾಯಿತು. ಯಾಕೆಂದು ಕೇಳಿಕೊಳ್ಳಲಿಲ್ಲ. ಒಂದು ದಿನ ಕಾಫಿ ಲೋಟ ಕೈಗಿಟ್ಟು, "ಅಮ್ಮಾಯಿ, ಒಂದ್ ಮಾತು. ನಿನ್ನ ಕಂಡ್ರೆ ನಂಗೆ ಮೊದ್ಲಿಂದ ಹೊಟ್ಟೆ ಉರಿ" ಅಂದರು. "ನಂಗೆ ಸಿಗೋಕೆ ಮುಂಚೆ ಹನ್ನೊಂದು ವರ್ಷ ಅವಳು ನಿಂಗಿದ್ಲು. ಆಗ ಹೆಂಗಿದ್ಲು, ಹೇಳು." ನಾನು ಲೋಟ ಕೆಳಗಿಟ್ಟೆ. ಹೇಳತೊಡಗಿದೆ. ದುಂಡುಮಲ್ಲಿಗೆ ಬಿಟ್ಟರೆ ಬೇರೆ ಹೂ ಮುಡಿಯುತ್ತಿರಲಿಲ್ಲ, ಕನಕಾಂಬರ ಕಂಡರಾಗುತ್ತಿರಲಿಲ್ಲ ಅಂದೆ. "ಅಲ್ಲ ಕಣಮ್ಮಾ, ಕನಕಾಂಬರ ಅಂದ್ರೆ ಪ್ರಾಣ. ಹಿತ್ಲಲ್ಲಿರೋದು ಯಾರು ನೆಟ್ಟಿದ್ದು ಮತ್ತೆ?" ಅಂದರು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ಅವಳು ಹಾಡುತ್ತಿದ್ದಳು ಅಂದರೆ, ಇಲ್ಲ, ಗುನುಗುತ್ತಿದ್ದಳಷ್ಟೆ. ಗುಡುಗಿಗೆ ಹೆದರುತ್ತಿದ್ದಳು ಅಂದರೆ, ನನ್ನ ಸರಸ ಯಾವುದಕ್ಕೂ ಹೆದರಿದವಳಲ್ಲ. ನನ್ನ ಸರಸ! ಸಿಟ್ಟಿನಿಂದ ಬಸ್ಸು ಹತ್ತುತ್ತಿದ್ದೆ. ಮುಂದಿನ ವಾರ ಹೊಸದೊಂದು ಸಾಕ್ಷಿ ನೆನಪು ಮಾಡಿಕೊಂಡು ಮತ್ತೆ ಹೋಗುತ್ತಿದ್ದೆ. ಅವರೂ ಬಾಗಿಲಲ್ಲೇ ಕಾಯುತ್ತಿದ್ದರು.

ಹೋದ ವರ್ಷ ಅವರೂ ಹೋದರು. ನಿಶಾಗೆ ಮೊನ್ನೆ ಸಂಜೆ ಇಷ್ಟನ್ನೂ ಹೇಳಿದೆ. ಸರಸತ್ತೆ ಕನಕಾಂಬರ ಮುಡಿಯುತ್ತಿರಲಿಲ್ಲ, ಚೆನ್ನಾಗಿ ಹಾಡುತ್ತಿದ್ದಳು, ಗುಡುಗಿದರೆ ನನ್ನನ್ನು ತಬ್ಬಿಕೊಳ್ಳುತ್ತಿದ್ದಳು ಅಂದೆ. ನಿಶಾ ಹೂಂ, ಹೂಂ ಎನ್ನುತ್ತ ಎಲ್ಲವನ್ನೂ ನಂಬಿದಳು. ಅತ್ತೆ ಈಗ ಪೂರ್ತಿ ನನ್ನವಳು. ನಾನು ಹೇಳಿದ್ದೇ ಸರಿ. ಒಂದು ಮಾತು ಹೇಳಿ ನಿಲ್ಲಿಸುತ್ತೇನೆ, ಅಭ್ಯಾಸಬಲದಿಂದ ಸ್ವಲ್ಪ ಹೊತ್ತು ಕಾಯುತ್ತೇನೆ. "ಅಲ್ಲ ಕಣಮ್ಮಾ" ಎನ್ನಲು ಯಾರೂ ಇಲ್ಲ.