ಡಿಟ್ಟೋ ಗೀಟು ನುಂಗಿದ ಸಾಲುಗಳು

ನಾನು ಕೆಲಸ ಮಾಡುವ ನೀರು ಪರೀಕ್ಷೆಯ ಲ್ಯಾಬಿಗೆ ಬಾಗಲಕೋಟೆಯೇ ಮುಖ್ಯ ಕಚೇರಿ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಒಂದೊಂದು ಶಾಖೆ. ಈ ನಾಲ್ಕೂ ಕಡೆ "ಅಕ್ಕಾರು" ಎಂದರೆ ನಾನೊಬ್ಬಳೇ ಆಗಿದ್ದೆ. ಯಂತ್ರ ಬರೆದಿಟ್ಟ ಫೈಲನ್ನು ಸಾಫ್ಟ್‌ವೇರ್ ತಾನಾಗಿ ಓದಿಕೊಳ್ಳಬೇಕಾದರೆ ಅದಕ್ಕೆ ಮೊದಲು ಪಾಠ ಹೇಳಬೇಕು: ಎಷ್ಟನೇ ಸಾಲಿನಿಂದ ಫಲಿತಾಂಶ ಶುರು, ಯಾವ ಕಾಲಮ್ಮಿನಲ್ಲಿ ಊರಿನ ಹೆಸರು, ಯಾವುದರಲ್ಲಿ ಫ್ಲೋರೈಡ್. ಇದಕ್ಕೆ ನಾವು ಫಾರ್ಮ್ಯಾಟ್ ಕೂಡಿಸುವುದು ಎನ್ನುತ್ತೇವೆ. ಎಲ್ಲ ಶಾಖೆಗೂ ಕೂಡಿಸಿಕೊಟ್ಟವಳು ನಾನೇ. ಫೈಲು ಹಟ ಹಿಡಿದರೆ "ಅಕ್ಕಾರ, ತಗೋವಲ್ದರಿ" ಎಂದು ನನಗೇ ಫೋನು. ಊಟದ ನಡುವೆ ಬಂದರೂ ಬೇಸರವಿರಲಿಲ್ಲ. ಬೇಸರವಾದವಳಂತೆ ಮಾತಾಡುತ್ತಿದ್ದೆ, ಅಷ್ಟೇ.

ಹೊಸ ಯಂತ್ರ ಬಂದಾಗ ಎಲ್ಲ ಕೆಟ್ಟಿತು. ಅದರ ಫೈಲಿನಲ್ಲಿ ಕಾಲಮ್ಮು ಕಾಲಮ್ಮಿನ ನಡುವೆ ಅಲ್ಪವಿರಾಮ. ಫಾರ್ಮ್ಯಾಟ್ ಕೂಡಿಸಿದೆ, ಆದರೆ ಗುಡೂರಿನ ನೀರಿನ ಫೈಲು ಹಾಕಿದರೆ ಸ್ಯಾಂಪಲ್ಲುಗಳೇ ಮಾಯ. ಕಾರಣ ಹುಡುಕಿದವಳೂ ನಾನೇ. ಇದನ್ನು ಈಗ ಯಾರೂ ನೆನೆಯುವುದಿಲ್ಲ. ನಮ್ಮವರಿಗೆ ಒಂದೇ ಊರಿನ ಹೆಸರನ್ನು ಎರಡು ಸಲ ಬರೆಯುವುದೆಂದರೆ ಆಗದು. ಮೊದಲ ಸಾಲಿನಲ್ಲಿ ಗುಡೂರು, ಅದರ ಕೆಳಗೆಲ್ಲ ಡಿಟ್ಟೋ ಗೀಟು. ಕಾಗದದ ಮೇಲಿನ ಚಟ ಯಂತ್ರದ ಕೀಲಿಮಣೆಗೂ ಬಂದಿತ್ತು. ಆ ಜೋಡಿ ಗೀಟು ಸಾಫ್ಟ್‌ವೇರಿನ ಕಣ್ಣಿಗೆ ಉದ್ಧರಣ ಚಿಹ್ನೆ. ಮುಂದಿನ ಜೋಡಿ ಗೀಟು ಸಿಗುವವರೆಗೆ ನಡುವೆ ಇದ್ದದ್ದನ್ನೆಲ್ಲ ಒಂದೇ ಹೆಸರೆಂದು ತಿಳಿದು ಸಾಲುಗಟ್ಟಲೆ ನುಂಗುತ್ತಿತ್ತು.

"ಡಿಟ್ಟೋ ಹಾಕಬ್ಯಾಡ್ರಿ, ಪೂರಾ ಹೆಸರು ಹೊಡೀರಿ" ಎಂದು ಎಲ್ಲರಿಗೂ ತಾಕೀತು ಮಾಡಿದೆ. ಹೂಂ ಎಂದರು. ಮರುದಿನ ಮತ್ತೆ ಡಿಟ್ಟೋ. ಬೈದೆ. ಆಮೇಲೆ ಫೋನು ಬರುವುದೇ ನಿಂತಿತು. ಬೈಗುಳ ನಾಟಿತು ಎಂದು ಹಿಗ್ಗಿದೆ. ವಿಚಾರಿಸಿದರೆ, ಇಳಕಲ್ ಶಾಖೆಗೆ ಹೊಸದಾಗಿ ಸೇರಿದವಳು ಬೇರೆ ಫಾರ್ಮ್ಯಾಟ್ ಕೂಡಿಸಿ ಬಾದಾಮಿ, ಹುನಗುಂದಕ್ಕೂ ಕಳಿಸಿದ್ದಳು. ಅಲ್ಲೆಲ್ಲ ಈಗ ಅವಳೇ ಅಕ್ಕಾರು.

ಸುತ್ತಿ ಬಳಸಿ ಹೇಳುವುದೇಕೆ, ಹೊಟ್ಟೆ ಧಗಧಗ ಉರಿಯಿತು. ಮನೆಯಲ್ಲಿ ಬಡಿಸುವಾಗಲೂ ಅವಳದೇ ಮಾತು. "ಏನೋ ಸುಟ್ಟ ವಾಸನಿ ಬರಾಕತ್ತೈತಲ್ಲ, ಒಲಿ ಮ್ಯಾಲೆ ನೋಡಿದ್ರ ಏನೂ ಇಲ್ಲ" ಎಂದು ನಮ್ಮ ಮನೆಯವರು ಮೂಗು ಅರಳಿಸಿದರು. ಆ ದಿನ ಅವರ ತಾಟಿಗೆ ತುಪ್ಪ ಬೀಳಲಿಲ್ಲ.

ನಮ್ಮ ಸಾಹೇಬರು ನನ್ನನ್ನು ಕರೆದು, "ಇಳಕಲ್ಲಿಗೆ ಹೋಗಿ ನೋಡ್ಕೊಂಡ ಬರ್ರಿ. ಚಲೋ ಇದ್ರ ಇಲ್ಲೂ ಅದನ್ನ ಕೂಡಸೂಣು" ಎಂದರು. ಅಂದರೆ ನನ್ನದನ್ನು ಕಿತ್ತು ಹಾಕುವುದು. ಅವಳದರಲ್ಲಿ ಒಂದು ಹುಳುಕು ಸಿಕ್ಕರೂ ನನ್ನದು ಉಳಿಯುತ್ತಿತ್ತು. ಹುನಗುಂದದ ಮೇಲೆ ಹೋಗುವ ಬಸ್ಸಿನಲ್ಲಿ ಕುಳಿತು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಅವಳು ಸೊಕ್ಕಿನವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. "ಬರ್ರಿ ಅಕ್ಕಾರ" ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಚಹಾ ತರಿಸಿದಳು, ಅದೂ ಚೆನ್ನಾಗಿತ್ತು. ಉದ್ಧರಣ ಚಿಹ್ನೆಗೆ ಗಮನ ಕೊಡಬೇಡವೆಂದು ಸಾಫ್ಟ್‌ವೇರಿಗೆ ಹೇಳಿ, ಗೀಟು ಕಂಡಲ್ಲಿ ಮೇಲಿನ ಸಾಲಿನ ಊರನ್ನೇ ತುಂಬುವಂತೆ ಮಾಡಿದ್ದಳು. ನಾನು ಕೀಲಿಮಣೆ ಎಳೆದುಕೊಂಡು ಒಂದು ಖೋಟಾ ಫೈಲು ಮಾಡಿದೆ. ಮೊಟ್ಟಮೊದಲ ಸಾಲಿನಲ್ಲೇ ಡಿಟ್ಟೋ ಇಟ್ಟೆ. ಮೇಲೆ ಊರೇ ಇಲ್ಲ, ಈಗ ಏನು ತುಂಬುತ್ತಿ, ತುಂಬು ನೋಡೋಣ ಎಂದುಕೊಂಡೆ.

ಆ ಸಾಲು ಕೆಂಪಾಗಿ ಬದಿಗೆ ನಿಂತಿತು. ಪಕ್ಕದಲ್ಲಿ ಅವಳು ಬರೆದಿಟ್ಟ ಸೂಚನೆ: "ಮ್ಯಾಲೆ ಹೆಸರಿಲ್ಲ. ಯಾವೂರಂತ ಕೇಳ್ರಿ." ಉಳಿದ ಸಾಲುಗಳೆಲ್ಲ ಸರಿಯಾಗಿ ಒಳಗೆ ಹೋದವು.

"ಮಂದಿ ಬರಿಯೂದ ಹಂಗರಿ ಅಕ್ಕಾರ. ಬೈದ್ರ ಬಿಡ್ತಾರೇನು?" ಎಂದಳು. ನಾನು ಬೈದದ್ದು ತಿಳಿದು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಮುಖ ನೋಡಿದರೆ ಹಾಗೇನೂ ಕಾಣಲಿಲ್ಲ. ಇಷ್ಟು ಸರಳ ಉಪಾಯ ನನಗೇಕೆ ಹೊಳೆಯಲಿಲ್ಲ, ಇವಳಿಗೇ ಯಾಕೆ ಹೊಳೆಯಬೇಕು ಎಂದು ಒಳಗೊಳಗೇ ಕುದ್ದೆ.

ಚಲೋ ಇದೆ ಎಂದು ಸಾಹೇಬರಿಗೆ ಹೇಳದೆ ವಿಧಿಯಿರಲಿಲ್ಲ. ಮರುದಿನ ಬಾಗಲಕೋಟೆಯ ಕಂಪ್ಯೂಟರಿನಲ್ಲಿ ನನ್ನ ಫಾರ್ಮ್ಯಾಟನ್ನು ನನ್ನ ಕೈಯಿಂದಲೇ ಅಳಿಸಿ ಅವಳದನ್ನು ಕೂಡಿಸಿದೆ. ಅಷ್ಟರಲ್ಲಿ ಫೋನು ಬಂತು. ಬಾದಾಮಿ ಶಾಖೆಯವನು, ಎಷ್ಟೋ ವರ್ಷದಿಂದ ಏನಾದರೂ ಕೆಟ್ಟರೆ ನನ್ನನ್ನೇ ಕೇಳುತ್ತಿದ್ದವನು. ದನಿ ಕೇಳಿ ಹೋದ ಜೀವ ಬಂದಂತಾಯಿತು.

"ಏನಾತು, ತಗೋವಲ್ದೇನು? ಹೇಳು, ಕುಂತೇನಿ" ಎಂದೆ.

"ಹೂಂನ್ರಿ ಅಕ್ಕಾರ. ನನ್ನ ಮೊಬೈಲ್ ಕೆಟ್ಟು ನಂಬರೆಲ್ಲಾ ಹೋಗ್ಯಾವರಿ. ನಿಮ್ಮದೊಂದು ಬಾಯಿಪಾಠ ಇತ್ತು, ಬೇಷಾತು. ಅಕ್ಕಾರ ನಂಬರ್ ಸ್ವಲ್ಪ ಕೊಡ್ರಿ."

ಯಾವ ಅಕ್ಕಾರು ಎಂದು ನಾನು ಕೇಳಲಿಲ್ಲ. ಇಳಕಲ್ಲಿನವಳ ನಂಬರು ಹೇಳಿದೆ. ಅವನು ಬರೆದುಕೊಂಡು ಓದಿ ತೋರಿಸಿದ. ಒಂದು ಅಂಕಿ ತಪ್ಪಿತ್ತು. ಮೊದಲು ಹೂಂ ಎಂದೆ, ಆಮೇಲೆ ತಿದ್ದಿದೆ.