ಎತ್ತು ಕಟ್ಟದ ಜಪಾನಿ ಮೋಟಾರು

ಮಾನ್ಯ ಓದುಗ ಮಹಾಶಯರ ಸನ್ನಿಧಿಯಲ್ಲಿ ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಈ ಬರಹದಲ್ಲಿ ಕಂಡುಬರುವ ಅಕ್ಷರದೋಷಗಳಿಗೂ ಓರೆಕೋರೆಯಾದ ಕೈಬರಹಕ್ಕೂ ಮೊದಲೇ ಕ್ಷಮೆ ಕೋರುತ್ತೇನೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ನಾನು ಓದಿದ್ದೆಲ್ಲ ಉರ್ದುವಿನಲ್ಲಿ. ಕನ್ನಡದ ಅಕ್ಷರಗಳನ್ನು ಮಠದ ಕಟ್ಟೆಯ ಮೇಲೆ ಉಸುಕಿನಲ್ಲಿ ಬೆರಳಾಡಿಸಿ ಕಲಿತೆ. ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ತರುವಾಯ ಔರಾದದ ತಹಶೀಲ ಕಚೇರಿಯಲ್ಲಿ ಕಾರಕೂನನಾಗಿ ಸೇರಿ, ಕ್ರಮೇಣ ಕಚೇರಿಗೆ ಕನ್ನಡ ಬಂದಾಗ, ಮೇಲಿನವರ ಪತ್ರಗಳನ್ನು ನಕಲು ಮಾಡುತ್ತ ಭಾಷೆ ರೂಢಿಸಿಕೊಂಡೆ. ಬೇರೆ ರೀತಿಯಲ್ಲಿ ಬರೆಯುವುದು ನನಗೆ ಬಾರದು. ನನ್ನದೇ ಸಂಗತಿಯನ್ನು ಬರೆಯುತ್ತಿರುವುದು ಇದೇ ಮೊದಲು.

ವಿಷಯವು ಜಪಾನ್ ದೇಶದ ಒಂದು ಸಣ್ಣ ಮೋಟಾರು ಕಾರಿಗೂ ನನ್ನ ವಿವಾಹಕ್ಕೂ ಸಂಬಂಧಿಸಿದ್ದು. ಸದರಿ ಕಾರಿನ ಕಂಪನಿಯ ಹೆಸರನ್ನು ಅಪ್ಪಣೆಯಿಲ್ಲದೆ ಬರೆಯಬಹುದೋ ಬಾರದೋ ತಿಳಿಯದ ಕಾರಣ ಬಿಟ್ಟಿದ್ದೇನೆ. ಮನುಷ್ಯರ ಹೆಸರುಗಳನ್ನೂ ಅದೇ ಕಾರಣದಿಂದ ಬಿಟ್ಟಿದ್ದೇನೆ.

ಕಾರು ನನ್ನ ಸೋದರಮಾವನದು. ಅವರಿಗೆ ಬೀದರಿನ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಕಾಳುಕಡಿಯ ಅಡತಿ ಅಂಗಡಿ ಇತ್ತು. ಊರು ಬಿಟ್ಟು ಹೈದರಾಬಾದಿಗೆ ಹೋಗುತ್ತಿದ್ದ ಒಬ್ಬ ಡಾಕ್ಟರರಿಂದ ಅವರು ಅದನ್ನು ಕೊಂಡಿದ್ದರು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಜಪಾನಿನವರು ತಮ್ಮ ಇಕ್ಕಟ್ಟಾದ ಓಣಿಗಳಿಗೆ ಹೊಂದುವಂತೆ ಇಂಥ ಕಾರುಗಳನ್ನು ಮಾಡಿ, ಒಂದಿಷ್ಟನ್ನು ಹಡಗಿನಲ್ಲಿ ಹೊರದೇಶಗಳಿಗೂ ಕಳಿಸುತ್ತಿದ್ದರಂತೆ. ಮೇಲೆ ಮಡಚುವ ಕ್ಯಾನ್ವಾಸಿನ ಮುಸುಕು. ಮೂಗಿನ ತುದಿಯಲ್ಲಿ ನೆಗೆಯುತ್ತಿರುವ ಒಂದು ಲೋಹದ ಮೊಲ. ಟಾಂಗಾದ ಪಕ್ಕದಲ್ಲಿ ನಿಂತರೆ ಕಾರು ಅದರ ಮರಿಯಂತೆ ಕಾಣುತ್ತಿತ್ತು.

ಆ ಕಾಲಕ್ಕೆ ಜಪಾನಿ ಮಾಲಿಗೆ ಇದ್ದ ಹೆಸರನ್ನು ಇಂದಿನವರು ನಂಬಲಾರರು. ಜಪಾನಿ ಎಂದರೆ ಸಂತೆಯಲ್ಲಿ ಸಿಗುವ ತಗಡಿನ ಗೊಂಬೆ, ಮುಖ ಓರೆಯಾಗಿ ತೋರಿಸುವ ಕನ್ನಡಿ, ಕೆತ್ತಿದಷ್ಟೂ ಮುರಿಯುವ ಪೆನ್ಸಿಲು. ಗಂಜಿನ ಹಮಾಲರು ಮಾವನ ಕಾರನ್ನು ಕಂಡಾಗಲೆಲ್ಲ, “ಜಪಾನಿ ಮಾಲ್, ದೋ ದಿನ್ ಕಮಾಲ್” ಎಂದು ಹಾಡುತ್ತಿದ್ದರು. ಎರಡು ದಿನದ ಸೊಗಸು, ಆಮೇಲೆ ಗುಜರಿ ಎಂಬುದು ಅದರ ತಾತ್ಪರ್ಯ. ಊರ ನಡುವಿನ ಚೌಬಾರಾದ ಬುರುಜನ್ನು ಸುತ್ತುವಾಗ ದೊಡ್ಡ ದೊಡ್ಡ ಮೋಟಾರುಗಳು ಟಾಂಗಾಗಳ ನಡುವೆ ಸಿಕ್ಕಿಕೊಂಡು ಹಿಂದೆ ಮುಂದೆ ಒದ್ದಾಡುತ್ತಿದ್ದರೆ, ಮಾವನ ಮೊಲ ಮೆಲ್ಲನೆ ನುಸುಳಿ ಹೋಗುತ್ತಿತ್ತು. ಅದೇ ಅವರ ಉತ್ತರ.

ಒಮ್ಮೆ ಮೊಲದ ಒಂದು ಕಿವಿ ಮುರಿಯಿತು. ಜಪಾನಿನಿಂದ ಬಿಡಿಭಾಗ ಬರುವುದು ಯುದ್ಧದಿಂದಾಗಿ ನಿಂತಿತ್ತು. ಮಾವ ಅದನ್ನು ಬಿದರಿ ಕೆಲಸದವರ ಓಣಿಗೆ ಒಯ್ದರು. ಅವರು ಕಪ್ಪು ಲೋಹದಲ್ಲಿ ಕಿವಿ ಎರಕ ಹೊಯ್ದು, ಅದರೊಳಗೆ ಬೆಳ್ಳಿಯ ತಂತಿಯ ಬಳ್ಳಿ ಕೂರಿಸಿ ಕೊಟ್ಟರು. ಅಂದಿನಿಂದ ಆ ಮೊಲಕ್ಕೆ ಒಂದು ಕಿವಿ ಜಪಾನಿನದು, ಒಂದು ಕಿವಿ ಬೀದರಿನದು.

ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಎಲ್ಲ ಧರ್ಮದವರ ಮನೆಗಳೂ ಕಂಡ ದುಃಖವನ್ನು ಬರೆಯುವ ಯೋಗ್ಯತೆ ನನಗಿಲ್ಲ. ಕಾರಿನ ಮಟ್ಟಿಗೆ ಹೇಳುವುದಾದರೆ, ಬಂದೂಕು ಹಿಡಿದು ಬಂದವರು ಕಂಡ ವಾಹನವನ್ನೆಲ್ಲ ಒಯ್ಯುತ್ತಿದ್ದುದರಿಂದ ಮಾವ ಅದನ್ನು ನಮ್ಮೂರು ಚಿಂತಾಕಿಗೆ ತಂದು ಜೋಳದ ಕಣಕಿಯ ಬಣವೆಯೊಳಗೆ ಮುಚ್ಚಿಟ್ಟರು. ಬಣವೆಯ ಒಂದು ಮೂಲೆಯನ್ನು ಎಮ್ಮೆ ಮೇಯ್ದು ಮೊಲದ ಮೂತಿ ಹೊರಗೆ ಬಂದಿದ್ದರೂ ಯಾರೂ ಗಮನಿಸಲಿಲ್ಲ. ಗದ್ದಲ ತಣ್ಣಗಾದ ಮೇಲೆ ಕಣಕಿ ಸರಿಸಿ ಹ್ಯಾಂಡಲ್ ತಿರುವಿದರೆ, ಒಂದಿಷ್ಟು ಧೂಳು ಸೀನಿ ಇಂಜಿನು ನಡೆಯಿತು.

ಇದಾದ ಎರಡನೆಯ ಬೇಸಿಗೆಯಲ್ಲಿ ನನಗೆ ಹೆಣ್ಣು ಗೊತ್ತಾಯಿತು. ಬೀಗರದು ಭಾಲ್ಕಿ ತಾಲೂಕಿನ, ಮಾಂಜ್ರಾ ಹೊಳೆಯ ದಂಡೆಯ ಹಳ್ಳಿ. ಹೆಣ್ಣು ನೋಡಲು ನಾವು ಸದರಿ ಕಾರಿನಲ್ಲೇ, ದೂರವಾದರೂ ಬೀದರಿನ ಸೇತುವೆಯ ಸುತ್ತುದಾರಿಯಿಂದ ಹೋಗಿದ್ದೆವು. ಚಹಾ ತಂದಿಟ್ಟ ಹುಡುಗಿ ನನ್ನನ್ನು ನೋಡಲಿಲ್ಲ. ಬಾಗಿಲಾಚೆ ನಿಂತಿದ್ದ ಕಾರನ್ನು ನೋಡಿ, ಮೊಲದ ಒಂದು ಕಿವಿ ಕಪ್ಪೇಕೆ ಎಂದು ಮಾವನನ್ನು ಕೇಳಿದಳು. ಬೀದರಿನ ಅಷ್ಟು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ನನ್ನ ಮನಸ್ಸು ಅಲ್ಲಿಯೇ ನಿಂತುಬಿಟ್ಟಿತು. ಆ ಮನೆಯಲ್ಲದೆ ಬೇರೆಡೆ ಮದುವೆಯಾಗಲಾರೆನೆಂದು ತಾಯಿಗೆ ತಿಳಿಸಿದೆ.

ಆದರೆ ಆ ಮನೆಯಲ್ಲಿ ತೀರ್ಮಾನ ಹುಡುಗಿಯ ಅಜ್ಜಿಯದು. ಎಲ್ಲರೂ ಆಯಿ ಎನ್ನುತ್ತಿದ್ದ ಅವರ ಕಣ್ಣು ಮಂಜಾಗಿತ್ತು, ನಾಲಿಗೆ ಚುರುಕಾಗಿತ್ತು. ಅವರ ಹಿರಿಯ ಮೊಮ್ಮಗಳ ಗಂಡ, ಅಂದರೆ ನನಗೆ ಷಡ್ಡಕನಾಗಲಿದ್ದವರು, ತಮ್ಮ ಮದುವೆಗೆ ಅಮೆರಿಕದ ಭಾರಿ ಮೋಟಾರಿನಲ್ಲಿ ಹೊಳೆ ದಾಟಲು ಹೋಗಿ ಉಸುಕಿನಲ್ಲಿ ಹೂತು, ಕೊನೆಗೆ ಮೋಟಾರಿಗೆ ಎತ್ತು ಕಟ್ಟಿಸಿಕೊಂಡು ಹಂದರಕ್ಕೆ ಬಂದಿದ್ದರು. ಮಕ್ಕಳಿಬ್ಬರಾದರೂ ಊರವರ ಬಾಯಲ್ಲಿ ಅವರು ‘ಎತ್ತಿನ ಮೋಟಾರಿನ ಅಳಿಯ’ರಾಗಿಯೇ ಉಳಿದಿದ್ದರು. ಮನೆತನಕ್ಕೆ ಇನ್ನೊಮ್ಮೆ ಈ ನಗೆಪಾಟಲು ಬೇಡವೆಂದು ಆಯಿ ಮಾವನಿಗೆ ಕರಾರು ಹಾಕಿದರು.

“ಮೋಟಾರ್ದಾಗ ಬರ್ತೀರಿ ಅಂದ್ರ ಬರ್ರಿ, ಬ್ಯಾಡ ಅನ್ನಂಗಿಲ್ಲ. ಖರೆ ಅದಕ್ಕ ಎತ್ತು ಕಟ್ಟಿದ್ದು ಕಂಡ್ರ, ಅಳಿಯ ಅದೇ ಎತ್ತಿನ ಹಿಂದ ವಾಪಸ್ ಹೋಗ್ಬೇಕಾಗ್ತದ ನೋಡ್ರಿ.”

ನನ್ನ ಮಾವನವರು, ಅಂದರೆ ಹುಡುಗಿಯ ತಂದೆ, ಬಸವಣ್ಣನವರ ಮಾತನ್ನು ನೆನಪಿಸಿ, ಶರಣರಿಗೆ ಶಕುನ ಅಪಶಕುನ ಇಲ್ಲವೆಂದು ಮೆಲ್ಲಗೆ ಹೇಳಿದರು. ಇದು ಶಕುನವಲ್ಲ, ಮಾನದ ಮಾತು ಎಂದು ಆಯಿ ಅವರನ್ನು ಕೂರಿಸಿದರು. ನಡೆದುಕೊಂಡು ಬರುತ್ತೇನೆಂದು ಹೇಳಲು ನನ್ನ ಬಾಯಿ ತೆರೆಯುವಷ್ಟರಲ್ಲಿ ಸೋದರಮಾವ ಕರಾರಿಗೆ ಒಪ್ಪಿಬಿಟ್ಟಿದ್ದರು. ಜಪಾನಿ ಮಾಲಿನ ಮೇಲಿನ ಹಾಡನ್ನು ಅಷ್ಟು ವರ್ಷ ಕೇಳಿಸಿಕೊಂಡವರು ಅವರು.

ಮದುವೆಯ ದಿನ ಮುಂಜಾನೆ ಬಂಡಿಗಳೂ ಬಾಜಾದವರೂ ಹೊಳೆಯ ದಂಡೆಯಲ್ಲಿ ಕಾಯಲೆಂದು ಮುಂದೆ ಹೋದರು. ನಾನು ಮೈಗೆ ಅರಿಶಿಣ, ಹಣೆಗೆ ಬಾಸಿಂಗ, ಕೈಯಲ್ಲಿ ನಿಂಬೆಹಣ್ಣು ಚುಚ್ಚಿದ ಚಾಕುವಿನೊಂದಿಗೆ ಕಾರಿನಲ್ಲಿ ಕುಳಿತೆ. ಬಿಸಿಲು ತಾಗದಿರಲೆಂದು ತಾಯಿ ಕ್ಯಾನ್ವಾಸಿನ ಮೇಲೆ ಒಂದು ಕಾವಿಬಣ್ಣದ ದೊಡ್ಡ ಶಾಲು ಹೊದಿಸಿದರು. ಸುತ್ತುದಾರಿ ಹಿಡಿದರೆ ವಧೂವರರ ಮೇಲೆ ಅಕ್ಕಿಕಾಳು ಹಾಕುವ ಹೊತ್ತು ಮೀರುತ್ತದೆಂದು ಮಾವ ಔರಾದ ದಾಟಿ ನೇರವಾಗಿ ಹೊಳೆಯ ದಾರಿ ಹಿಡಿದರು. ಕಾರು ಎಲ್ಲಿಯೂ ಹಟ ಮಾಡಲಿಲ್ಲ.

ಹೊಳೆಯ ಈಚೆ ದಂಡೆಗೆ ಬಂದಾಗ ಎದುರಿಗೆ ನನ್ನ ಷಡ್ಡಕರು ನಿಂತಿದ್ದರು. ಪಕ್ಕದಲ್ಲಿ ಕೋಡಿಗೆ ಬಣ್ಣ ಹಚ್ಚಿದ, ಬೆನ್ನಿಗೆ ಜೂಲು ಹಾಕಿದ ಜೋಡೆತ್ತು.

“ಬರ್ರಿ ಬರ್ರಿ,” ಎಂದು ಅವರು ಅತ್ಯಂತ ಗೌರವದಿಂದ ಕೈಮುಗಿದರು. “ನಿಮ್ಮ ಸಲುವಾಗಿ ಮುಂಜಾನಿಂದ ಕಾಯ್ಲಿಕತ್ತೀನ್ರಿ. ಹಗ್ಗನೂ ಹೊಸಾದು ತಂದೀನಿ.”

“ಹಗ್ಗ ಇಡ್ರಿ, ಬೇಕಾದ್ರ ತಗೋತೀವಿ,” ಎಂದರು ಮಾವ. “ಎತ್ತು ಮನಿಗಿ ಹೊಡ್ರಿ.”

“ನಾ ಒಬ್ಬನೇ ಎಷ್ಟು ವರ್ಷ ಅನಿಸ್ಕೋಬೇಕ್ರಿ? ನನಗೂ ಒಂದು ಜೋಡಿ ಬೇಕಲ್ಲ.”

ಅವರ ಮಾತಿನಲ್ಲಿ ಕೆಡುಕು ಇರಲಿಲ್ಲ, ಒಂಟಿತನ ಇತ್ತು. ಮಾವ ನಕ್ಕು, ಕಾರನ್ನು ಉಸುಕಿಗೆ ಇಳಿಸಿದರು. ಸ್ವಲ್ಪ ದೂರ ಹೋಯಿತು. ನಂತರ ಹಿಂದಿನ ಗಾಲಿಗಳು ಸುತ್ತಿ ಸುತ್ತಿ ಹೂತವು. ಇಂಜಿನು ಗುರುಗುಟ್ಟುತ್ತಲೇ ಇತ್ತು, ಕಾರು ಮಾತ್ರ ಸರಿಯಲಿಲ್ಲ. ಅರಿಶಿಣದ ಮೈಯ ಮದುಮಗ ಹೊಳೆಯ ನೀರಿಗೆ ಕಾಲಿಡಬಾರದೆಂಬುದು ನಮ್ಮ ಕಡೆಯ ರೂಢಿ. ಆದಕಾರಣ ನಾನು ಇಳಿಯುವಂತಿರಲಿಲ್ಲ. ಆಚೆ ದಂಡೆಯಲ್ಲಿ ಹಂದರದ ತಳಿರು ಕಾಣುತ್ತಿತ್ತು. ಷಡ್ಡಕರು ಎತ್ತುಗಳ ಕೊರಳು ಸವರುತ್ತ ನನ್ನ ಕಡೆಗೇ ನೋಡುತ್ತಿದ್ದರು.

ಹೊಳೆಯ ಉಸುಕಿನಲ್ಲಿ ಭೋಯಿ ಜನ ಖರಬೂಜದ ಬೆಳೆ ಹಾಕಿದ್ದರು. ಹಿಂದೆ ಅವರ ಕೆಲಸ ಜಾಗೀರದಾರರ ಪಲ್ಲಕ್ಕಿ ಹೊರುವುದು. ಜಾಗೀರುಗಳು ಹೋಗಿ ಪಲ್ಲಕ್ಕಿಗಳು ಅಟ್ಟ ಸೇರಿದ ಮೇಲೆ ಹಣ್ಣಿನ ಬೆಳೆಗೆ ಇಳಿದಿದ್ದರು. ಅವರಲ್ಲಿ ಹಿರಿಯನೊಬ್ಬ ಬಂದು, ಕಾರಿನ ಒಂದು ಮೂಲೆಗೆ ಕೈ ಹಾಕಿ ಎತ್ತಿ ಭಾರ ನೋಡಿ, ಇಳಿಸಿದ.

“ಇದರಕಿಂತ ನಮ್ಮ ಜಾಗೀರದಾರ ಜಡ ಇದ್ದರಿ,” ಎಂದ.

ಮಾವ ಕಾರನ್ನು ಹೊರಿಸಲು ಒಪ್ಪಿದರು. ಆಯಿಯ ಕರಾರಿನಲ್ಲಿ ಎತ್ತಿನ ಉಲ್ಲೇಖ ಮಾತ್ರ ಇದೆ, ಮನುಷ್ಯರ ಉಲ್ಲೇಖ ಇಲ್ಲ ಎಂಬುದು ಅವರ ತರ್ಕವಾಗಿತ್ತು. ಮುಂದೆ ಕಚೇರಿಯಲ್ಲಿ ಎಷ್ಟೋ ಆದೇಶಗಳನ್ನು ಓದಿದ ನಾನು ಆ ತರ್ಕದಲ್ಲಿ ಇಂದಿಗೂ ದೋಷ ಕಾಣಲಾರೆ. ಭೋಯಿಗಳು ಕಾವಲು ಗುಡಿಸಲಿನ ಉದ್ದ ಬಿದಿರುಗಳನ್ನು ಕಿತ್ತು ತಂದು ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಅಡ್ಡಲಾಗಿ ಬಿಗಿದರು. ಬಿಗಿದದ್ದು ಷಡ್ಡಕರ ಹೊಸ ಹಗ್ಗದಿಂದ. ನಮ್ಮ ಬಂಡಿಯವರೂ ಹೆಗಲು ಕೊಟ್ಟರು. “ಹೂಂ, ಹೂಂ” ಎಂಬ ತಾಳಕ್ಕೆ ಕಾರು, ಅದರೊಳಗೆ ನಾನು, ಉಸುಕು ಬಿಟ್ಟು ಮೇಲೆದ್ದೆವು.

ಪಲ್ಲಕ್ಕಿ ಹೊರುವವರು ಹೊರುವ ಕೋಲು ಯಾವ ಕಡೆ ಚಾಚಿದೆಯೋ ಆ ಕಡೆಗೇ ನಡೆಯುತ್ತಾರೆ. ಅವರ ಕಾಲಿಗೆ ಬೇರೆ ನಡಿಗೆ ತಿಳಿಯದು. ಬಿದಿರು ಅಡ್ಡವಾಗಿದ್ದುದರಿಂದ ಕಾರೂ ಅಡ್ಡಡ್ಡವಾಗಿ, ಏಡಿಯಂತೆ, ಹೊಳೆ ದಾಟತೊಡಗಿತು. ಮೊಲ ಹೊಳೆಯ ಹರಿವಿನ ಕಡೆ ಮುಖ ಮಾಡಿತ್ತು. ನಾನು ಹಂದರದ ಕಡೆ ಓರೆಯಾಗಿ ನೋಡುತ್ತಿದ್ದೆ. ಮುಂದೆ ಬಾಜಾದವರು ಮೊಣಕಾಲು ನೀರಿನಲ್ಲಿ ಊದುತ್ತ ನಡೆದರು.

ಆಚೆ ದಂಡೆಯವರಿಗೆ ಕಂಡದ್ದು ಬೇರೆಯೇ. ನಮ್ಮಲ್ಲಿ ದೊಡ್ಡ ಮಠದ ಸ್ವಾಮಿಗಳಿಗೆ ಅಡ್ಡಪಲ್ಲಕ್ಕಿಯ ಮರ್ಯಾದೆ ಉಂಟು. ದಾರಿಯ ಅಗಲಕ್ಕೂ ಅಡ್ಡವಾಗಿ ಪಲ್ಲಕ್ಕಿ ಬರುತ್ತದೆ, ಉಳಿದವರು ಸರಿದು ನಿಲ್ಲುತ್ತಾರೆ. ಊರವರು ಅಪ್ಪಾವರು ಎನ್ನುತ್ತಿದ್ದ ಅಂಥ ಒಬ್ಬ ಸ್ವಾಮಿಗಳನ್ನು ಈ ಮದುವೆಗೆ ಬಿನ್ನಹ ಮಾಡಿದ್ದರು. ಬರುವರೋ ಇಲ್ಲವೋ ತಿಳಿದಿರಲಿಲ್ಲ. ಈಗ ಹೊಳೆಯ ನಡುವೆ ಕಾವಿಯ ಹೊದಿಕೆ, ಭೋಯಿಗಳ ಹೆಗಲು, ಅಡ್ಡಲಾಗಿ ಬರುವ ಭಾರ, ಬಾಜಾ. ಅಪ್ಪಾವರು ಬಂದರೆಂದು ಯಾರೋ ಕೂಗಿದರು. ಹಂದರ ಖಾಲಿಯಾಯಿತು. ಆರತಿ, ವಿಭೂತಿ, ನೀರಿನ ತಂಬಿಗೆಗಳೊಂದಿಗೆ ಊರೇ ದಂಡೆಗೆ ಬಂತು.

ಭೋಯಿಗಳು ಕಾರನ್ನು ಗಟ್ಟಿನೆಲದ ಮೇಲೆ ಇಳಿಸಿದರೋ ಇಲ್ಲವೋ, ಎಲ್ಲರಿಗಿಂತ ಮುಂದೆ ಬಂದಿದ್ದ ಆಯಿ, ಪಾದಪೂಜೆಯ ನೀರನ್ನು ಮುಂದಿನ ಎಡಗಾಲಿಗೆ ಸುರಿದು, ಬಾಗಿ ಹಣೆ ಮುಟ್ಟಿಸಿದರು. ನಾನು ಬಾಸಿಂಗದ ಮುತ್ತಿನ ಎಳೆಗಳನ್ನು ಸರಿಸಿ ಬಾಗಿ ನೋಡಿದೆ. ಹತ್ತಿರ ಬಂದವರಿಗೆಲ್ಲ ಇದು ಏನೆಂದು ಅಷ್ಟರಲ್ಲಿ ತಿಳಿದುಹೋಗಿತ್ತು. ಆಯಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರ ಬೆರಳುಗಳು ರಬ್ಬರಿನ ಮೇಲೆ ಹರಿದಾಡಿ ನಿಂತವು.

“ಅಪ್ಪಾವರ ಪಾದ ಇಷ್ಟು ಬಿರುಸು ಯಾಕ?”

“ಪಾದ ಅಲ್ರಿ ಆಯಿ, ಗಾಲಿ,” ಎಂದ ಹಿರಿಯ ಭೋಯಿ.

ಆಯಿ ನಿಧಾನವಾಗಿ ಎದ್ದು ನಿಂತರು. ನಗಬೇಕೆಂದಿದ್ದವರು ನಗಲಿಲ್ಲ.

“ಎತ್ತು?”

“ಒಂದೂ ಕಟ್ಟಿಲ್ರಿ.”

“ಇಲ್ಲಿ ಹಗ್ಗ ಒಂದು ಅದ. ಯಾರದು?”

“ನಿಮ್ಮ ಹಿರೇ ಅಳಿಯಂದ್ರಿ.”

ನಮ್ಮ ಹಿಂದೆಯೇ ಹೊಳೆ ದಾಟಿ ಬಂದು ನಿಂತಿದ್ದ ಷಡ್ಡಕರ ಕಡೆಗೆ ಆಯಿ ಮುಖ ತಿರುಗಿಸಿ, ಅಂತೂ ಈ ಮನೆಗೆ ಅವರಿಂದ ಒಂದು ಉಪಯೋಗವಾಯಿತೆಂದರು. ಆಗ ಜನ ನಕ್ಕರು. ತೀರ್ಪು ಮಾತ್ರ ಇನ್ನೂ ಬಂದಿರಲಿಲ್ಲ.

“ಮಂದಿ ಹೊತ್ತು ತಂದ ಅಳಿಯನಿಗಿ ವಾಪಸ್ ಕಳಸ್ಲಿಕ್ಕ ಬರಂಗಿಲ್ಲ. ಮ್ಯಾಲ ನಾ ಬ್ಯಾರೆ ನಮಸ್ಕಾರ ಮಾಡೀನಿ,” ಎಂದರು ಆಯಿ. “ಖರೆ ಇಲ್ಲಿಂದ ಹಂದರಕ ಯಾರೂ ಹೊರಬ್ಯಾಡ್ರಿ. ತನ್ನ ಕಾಲಿಲೆ ತಾ ಬರ್ಲಿ. ಅಷ್ಟಾದ್ರೂ ತಾಕತ್ ಅದನೋ ಇಲ್ಲೋ ನೋಡೋಣು.”

ಮಾವ ಹ್ಯಾಂಡಲ್ ಹಾಕಿ ತಿರುವಿದರು. ಕಾರು ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದರು, ಅದೇ ಕೆಮ್ಮು. ಹಿಂದಿನಿಂದ ಯಾರೋ ಜಪಾನಿ ಮಾಲ್ ಎಂದು ಹಾಡು ಎತ್ತಿದರು. ಮಾವ ಬೆವರು ಒರೆಸಿಕೊಂಡು, ಮೊಲದ ಕಪ್ಪು ಕಿವಿಯನ್ನು ಒಮ್ಮೆ ಮುಟ್ಟಿ, ಇಡೀ ಮೈಯ ಭಾರ ಹಾಕಿ ತಿರುವಿದರು. ಇಂಜಿನು ಹಿಡಿಯಿತು. ಹಾಡು ಅರ್ಧಕ್ಕೆ ನಿಂತಿತು. ಕಾರು ದಂಡೆಯ ಏರು ಹತ್ತಿ, ಊರ ಅಗಸೆಬಾಗಿಲು ದಾಟಿ, ಆರತಿಗಳ ನಡುವೆ ಹಂದರದ ಕಂಬದವರೆಗೂ ತಾನೇ ಹೋಗಿ ನಿಂತಿತು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿತ್ತು.

ನಿಜವಾದ ಸ್ವಾಮಿಗಳು ಊಟದ ಹೊತ್ತಿಗೆ, ಯಾರ ಗಮನಕ್ಕೂ ಬಾರದೆ, ಎತ್ತಿನ ಬಂಡಿಯಲ್ಲಿ ಬಂದರು. ಸಂಗತಿ ಕೇಳಿ, ತಮ್ಮ ಮರ್ಯಾದೆಯನ್ನು ಮೊಲವೊಂದು ಪಡೆದದ್ದು ಬಹಳ ಸಂತೋಷವೆಂದು ಹೇಳಿ ನಕ್ಕು, ಪಂಕ್ತಿಯಲ್ಲಿ ಕುಳಿತರು.

ಆ ಬೇಸಿಗೆಯಲ್ಲಿ ಔರಾದ ಭಾಲ್ಕಿಗಳ ನಡುವಿನ ಮದುವೆಗಳಿಗೆ ಮಾವನ ಕಾರಿಗೆ ಬೇಡಿಕೆ ಬಂತು. ಕರೆಯುವವರು ಭೋಯಿಗಳಿಗೂ ಜೊತೆಯಲ್ಲೇ ವೀಳ್ಯ ಕೊಡುತ್ತಿದ್ದರು. ಹಮಾಲರ ಹಾಡು ಹಳತಾಯಿತು. ಮುಂದೆ ಜಗತ್ತಿನಲ್ಲಿ ಜಪಾನಿ ಕಾರು ಎಂದರೆ ಕೈಕೊಡದ ಕಾರು ಎಂಬ ಹೆಸರು ಬಂದಾಗ ಬೀದರಿನ ಜನ ಆಶ್ಚರ್ಯಪಟ್ಟರು. ನಮ್ಮ ಮನೆಯಲ್ಲಿ ಯಾರೂ ಪಡಲಿಲ್ಲ. ಷಡ್ಡಕರು ಕಡೆಯವರೆಗೂ ಒಬ್ಬರೇ ಎತ್ತಿನ ಮೋಟಾರಿನ ಅಳಿಯರಾಗಿ ಉಳಿದರು. ಆದರೆ ಹಗ್ಗ ತಮ್ಮದೆಂಬುದನ್ನು ಕೂಡಿದ ಮಂದಿಯಲ್ಲೆಲ್ಲ ಹೇಳುತ್ತಿದ್ದರು.

ಇತ್ತೀಚೆಗೆ ಮೊಮ್ಮಗ ಅದೇ ಜಪಾನಿ ಕಂಪನಿಯ ಹೊಸ ಕಾರು ತಂದ. ನನ್ನ ಹೆಂಡತಿ ಅದರ ಸುತ್ತ ಒಮ್ಮೆ ನಡೆದು, ಮೂಗಿನ ಮೇಲೆ ಮೊಲ ಇಲ್ಲದ್ದನ್ನು ನೋಡಿ, ಹಿಂದಿನ ಮೂಲೆಗೆ ಕೈ ಹಾಕಿ ಎತ್ತಲು ನೋಡಿದಳು. ಜಡವಾಯಿತೆಂದು ತಲೆಯಾಡಿಸಿ ಒಳಗೆ ಹೋದಳು. ಹಳೆಯ ಮೊಲ ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ಬೀದರಿನ ಕಿವಿ ಇನ್ನೂ ಗಟ್ಟಿಯಾಗಿದೆ.

ಈ ಬರಹವನ್ನು ಅವಳಿಗೆ ಓದಿ ಹೇಳಿದೆ. ಆಯಿ ಹಣೆ ಮುಟ್ಟಿಸಿದ್ದು ಬಲಗಾಲಿಗೆಂದು ನಾನು ಬರೆದಿದ್ದೆ. ಎಡಗಾಲಿಗೆಂದು ಅವಳು ತಿದ್ದಿದಳು. ಮನೆಯೊಳಗೆ ಕುಳಿತ ಮದುಮಗಳಿಗೆ ಅದು ಹೇಗೆ ತಿಳಿಯಿತೆಂದು ಕೇಳಿದೆ.

“ನಾ ಒಳಗ ಎಲ್ಲಿದ್ದೆರಿ? ಮಾಳಿಗಿ ಮ್ಯಾಲಿದ್ದೆ. ಎತ್ತಿನ ಕೋಡು ಕಾಣ್ತಾವೇನಂತ ಮುಂಜಾನಿಂದ ಹೊಳಿ ಕಡಿಗೇ ನೋಡ್ಲಿಕತ್ತಿದ್ದೆ.”

ಆದ್ದರಿಂದ ಸದರಿ ತಪ್ಪನ್ನು ಸರಿಪಡಿಸಲಾಗಿದೆ. ಅವಳ ಕಣ್ಣಿಗೆ ಬೀಳದೆ ಉಳಿದಿರಬಹುದಾದ ಕಾಗುಣಿತದ, ಒತ್ತಕ್ಷರದ ಹಾಗೂ ಸಂಗತಿಯ ತಪ್ಪುಗಳನ್ನು ಓದುಗ ಮಹಾಶಯರು ದಯಮಾಡಿ ತಮ್ಮ ಕೈಯಿಂದಲೇ ತಿದ್ದಿಕೊಂಡು ಓದಬೇಕಾಗಿ ಪ್ರಾರ್ಥನೆ.