ನನ್ನ ಕಾಲು ಒತ್ತಿ ಕಲಿತವರು

ನಾನು ಬದುಕಿದ್ದು ಅತ್ತೆ ಹೊತ್ತ ಹರಕೆಯಿಂದ ಅಲ್ಲ. ಊರೂರ ಸೂಲಗಿತ್ತಿಯರು ನನ್ನ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ ನೋಡಿದ್ದರಿಂದ ಬದುಕಿದೆ. ಇದನ್ನು ಹೇಳುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಎರಡನೇ ಮಹಾಯುದ್ಧದ ಕಾಲ. ಚೊಚ್ಚಲ ಬಸುರಿ ನಾನು. ಕಾಲು ಬಾತು ಕಂಬದಂತಾಯಿತು. ಕಾಲು ಬಾತರೆ ಗಂಡು ಎಂದು ಹಟ್ಟಿಯಂಗಡಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಖುಷಿ. ಬಂದವರಿಗೆಲ್ಲ ಅತ್ತೆ ನನ್ನ ಪಾದ ತೋರಿಸಿ ಬೆಲ್ಲ ಕೊಟ್ಟರು. ಕಣ್ಣು ಮಂಜಾಗಿ ಒಲೆಯ ಮುಂದೆ ಬಿದ್ದ ಮೇಲೆ ಗಂಡ ದೋಣಿಯಲ್ಲಿ ಕುಂದಾಪುರದ ಆಸ್ಪತ್ರೆಗೆ ಒಯ್ದರು. ಅತ್ತೆಯೂ ಬಂದರು.

ಅಲ್ಲಿ ಹಳ್ಳಿಯ ಸೂಲಗಿತ್ತಿಯರಿಗೆ ಪಾಠ ನಡೆಯುತ್ತಿತ್ತು. ಪಾಠ ಹೇಳುವ ನರ್ಸಮ್ಮ ಆ ಹೆಂಗಸರನ್ನು ನನ್ನ ಮಂಚದ ಸುತ್ತ ನಿಲ್ಲಿಸಿ, ಹೆಬ್ಬೆರಳಿನಿಂದ ನನ್ನ ಕಾಲು ಒತ್ತಿದರು.

"ಗುಂಡಿ ಬಿತ್ತಲ್ಲ? ಇದು ಗಂಡು ಮಗುವಿನ ಗುರುತಲ್ಲ, ಕಾಯಿಲೆ. ಮೈ ಸೆಟೆದು ನಡುಗಿದರೆ ಬಾಯಿಗೆ ನೀರು ಹಾಕಬೇಡಿ. ಮಗ್ಗುಲಿಗೆ ತಿರುಗಿಸಿ."

ಒಬ್ಬೊಬ್ಬರಾಗಿ ಒತ್ತಿದರು, ಹಣ್ಣಿಗೆ ಹಾಕಿದ ಮಾವನ್ನು ನೋಡುವ ಹಾಗೆ. ಮಗ್ಗುಲಿಗೆ ಹೊರಳಿಸಿ ಅಭ್ಯಾಸ ಮಾಡಿದರು. ಕೊನೆಗೆ ಬಂದವಳು ನಮ್ಮೂರಿನವಳೇ. ಹೆರಿಗೆಗಲ್ಲದೆ ನಮ್ಮ ಅಂಗಳ ದಾಟಿ ಒಳಗೆ ಬಾರದ ಹೆಂಗಸು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ.

"ಮುಖ ಮುಚ್ಕಂಡ್ರ್ ಎಂತ ಅಮ್ಮಾ? ಕಾಲ್ ಕಂಡೇ ಗುರ್ತ್ ಸಿಕ್ತ್. ಇದ್ನ್ ಕಂಡೇ ಅಲ್ದಾ ನಾನೂ ಬೆಲ್ಲ ತಿಂದದ್?" ಎಂದಳು. ಎಲ್ಲರೂ ನಕ್ಕರು.

ಸಂಜೆ ನನ್ನ ಮೈ ಸೆಟೆಯಿತು. ಎಚ್ಚರವಾದಾಗ ಮಗ್ಗುಲಾಗಿ ಮಲಗಿದ್ದೆ; ಆ ನಮ್ಮೂರಿನವಳೇ ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ಕೂತಿದ್ದಳು. ನೀರಿನ ಲೋಟ ಹಿಡಿದು ಓಡಿಬಂದ ಅತ್ತೆಯನ್ನು ಕೈಯಿಂದ ದೂಡಿದ್ದಳಂತೆ. ಅಂಗಳದಲ್ಲಿ ನಿಲ್ಲುವವಳು ಮೈಮುಟ್ಟಿ ದೂಡಿದ್ದೇ ಅತ್ತೆಗೆ ದೊಡ್ಡದಾಯಿತು.

"ಊರಂಗ್ ಇನ್ನ್ ಮುಖ ತೋರ್ಸುಕಿಲ್ಲೆ. ಬೆಳಿಗ್ಗೆ ದೋಣಿ ಬತ್ತ್. ಮನಿಗ್ ಹೋಪ" ಎಂದರು.

ಗಂಡ ದೋಣಿಯವನಿಗೆ ಹೇಳಿಬರಲು ಎದ್ದರು. ಮನೆಗೆ ಒಯ್ದರೆ ತಾಯಿ, ಮಗು ಇಬ್ಬರೂ ಉಳಿಯುವುದಿಲ್ಲ ಎಂದರು ನರ್ಸಮ್ಮ. ನನಗೂ ಹೋಗಿಬಿಡೋಣ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಸಾಯುವುದಕ್ಕಿಂತ ಆ ಹೆಂಗಸರ ನಗೆಗೆ ಹೆಚ್ಚು ಹೆದರಿದ್ದೆ.

ಬೆಳಿಗ್ಗೆ ಅತ್ತೆ ನನ್ನ ಸೀರೆಗಳನ್ನು ಗಂಟು ಕಟ್ಟಿ ಬಾಗಿಲಲ್ಲಿ ನಿಂತರು. ಬೆನ್ನಿಗೆ ಆ ಮೊಣಕಾಲಿನ ಆಸರೆ ಇನ್ನೂ ಇದ್ದ ಹಾಗಿತ್ತು. "ನಾ ಬತ್ತಿಲ್ಲೆ ಅತ್ತೆ" ಎಂದೆ. ಅಷ್ಟರಲ್ಲಿ ಪಾಠದ ಹೆಂಗಸರು ಒಳಗೆ ಬಂದರು. ಮುಖದ ಮೇಲೆ ಸೆರಗು ಎಳೆದುಕೊಂಡು, ಎರಡೂ ಕಾಲುಗಳನ್ನು ಹೊದಿಕೆಯಿಂದ ಹೊರಗೆ ಚಾಚಿದೆ.